ಆಮ್ಲದಲ್ಲಿ ಉಳಿದ ಲಿಸ್ಟೀರಿಯಾ: ಹೊಂದಿಕೆಯೋ, ಮ್ಯುಟೇಷನ್ನೋ?

ಪ್ರಾಜೆಕ್ಟ್ ಮಾಡಲು ಬರುವ ಹುಡುಗರು ಆಮ್ಲದಿಂದ ಬದುಕುಳಿದ ಬ್ಯಾಕ್ಟೀರಿಯಾಗಳು ಪ್ಲೇಟಿನ ಮೇಲೆ ಬೆಳೆದು ನಾಲ್ಕು ಕಾಲೊನಿ (ಗುಂಪಿನ ಚುಕ್ಕೆ) ಕಂಡ ಕೂಡಲೇ "ಮೇಡಂ, ಮ್ಯುಟೇಷನ್ ಆಗಿದೆ" ಎಂದು ಓಡಿಬರುತ್ತಾರೆ. ಬಹಳ ಸಲ ಹಾಗೇನೂ ಆಗಿರುವುದಿಲ್ಲ. ಆಹಾರದ ಸೂಕ್ಷ್ಮಜೀವಿಗಳ ಜೊತೆ ಕೆಲಸ ಮಾಡುವ ನನಗೆ ತಾತ್ಕಾಲಿಕ ಹೊಂದಿಕೆ, ಡಿಎನ್‌ಎಯೇ ಬದಲಾಗುವ ಮ್ಯುಟೇಷನ್ ಈ ಎರಡನ್ನೂ ಬೇರೆ ಮಾಡಿ ನೋಡುವುದೇ ಅರ್ಧ ಕೆಲಸ.

ನಾನು ಹಿಡಿದುಕೊಂಡಿದ್ದು ಲಿಸ್ಟೀರಿಯಾ ಮೊನೊಸೈಟೋಜೀನಸ್. ಫ್ರಿಜ್‌ನ 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾ ಇದು. ಗರ್ಭಿಣಿಯರಿಗೆ, ವಯಸ್ಸಾದವರಿಗೆ ಇದರ ಸೋಂಕು ತಗುಲಿದರೆ ಕಷ್ಟ. ಪಿಎಚ್ 5.5ರಷ್ಟು ಸೌಮ್ಯ ಹುಳಿಯಲ್ಲಿ ಇದನ್ನು ಒಂದು ಗಂಟೆ ಇಟ್ಟು, ಆಮೇಲೆ ಗಟ್ಟಿ ಆಮ್ಲಕ್ಕೆ ಹಾಕಿದರೆ ಸಾಯುವ ವೇಗ ಇಳಿದುಬಿಡುತ್ತದೆ. ಸಿಗ್ಮಾ-ಬಿ ಎಂಬ ಪ್ರೋಟೀನ್ ರಕ್ಷಣೆಯ ಜೀನ್‌ಗಳ ಒಂದು ದೊಡ್ಡ ಗುಂಪನ್ನೇ ಚಾಲೂ ಮಾಡುತ್ತದೆ. ಇನ್ನೊಂದು ಕಡೆ ಗ್ಲುಟಮೇಟ್ ಎಂಬ ಅಮೈನೋ ಆಮ್ಲವನ್ನು ಗಾಬಾ ಎಂಬ ಇನ್ನೊಂದು ವಸ್ತುವಾಗಿ ಮಾರ್ಪಡಿಸುವ ಕಿಣ್ವ, ಆ ಕ್ರಿಯೆಯಲ್ಲೇ ಜೀವಕೋಶದೊಳಗಿನ ಪ್ರೋಟಾನ್‌ಗಳನ್ನು ಬಳಸಿಕೊಂಡು ಹುಳಿ ತಗ್ಗಿಸುತ್ತದೆ. ಇದೆಲ್ಲ ಚಳಿಗೆ ಸ್ವೆಟರ್ ಹಾಕಿಕೊಂಡ ಹಾಗೆ. ಡಿಎನ್‌ಎಯಲ್ಲಿ ಒಂದಕ್ಷರವೂ ಬದಲಾಗಿಲ್ಲ. ಸಾದಾ ಬ್ರಾತ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವದಲ್ಲಿ) ಮತ್ತೆ ಬೆಳೆಸಿದರೆ ಸ್ವೆಟರ್ ಕಳಚಿಬೀಳುತ್ತದೆ.

ನನ್ನ ಪರೀಕ್ಷೆ ನಿಂತಿದ್ದು ಈ ಕಳಚುವಿಕೆಯ ಮೇಲೆಯೇ: ಹೊಂದಿಕೆಯಾದರೆ ಕಳಚುತ್ತದೆ, ಮ್ಯುಟೇಷನ್ ಆದರೆ ಉಳಿಯುತ್ತದೆ.

ರಾತ್ರಿಯಿಡೀ ಬೆಳೆಸಿದ ಕಲ್ಚರನ್ನು, ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ ಪಿಎಚ್ 3.5ಕ್ಕೆ ತಂದ ಬ್ರಾತ್‌ಗೆ ಹಾಕಿದೆ. ಕಲ್ಚರ್ ಬಿದ್ದ ಮೇಲೆ ಪಿಎಚ್ ಸ್ವಲ್ಪ ಮೇಲೇರುತ್ತದೆ, ಅಂದರೆ ಹುಳಿ ತಗ್ಗುತ್ತದೆ, ಆದ್ದರಿಂದ ಹಾಕಿದ ನಂತರ ಇನ್ನೊಮ್ಮೆ ಅಳೆಯಲೇಬೇಕು. ಆಗಾಗ ಸ್ವಲ್ಪ ಸ್ವಲ್ಪ ತೆಗೆದು ಪ್ಲೇಟ್ ಮಾಡಿ, ಬದುಕಿರುವವುಗಳ ಸಂಖ್ಯೆಯನ್ನು ಲಾಗ್ ಗ್ರಾಫ್‌ನಲ್ಲಿ ಗುರುತಿಸುತ್ತಾ ಹೋದೆ. ಮೊದಲು ಗೆರೆ ನೇರವಾಗಿ ಕೆಳಗಿಳಿಯಿತು. ಕೊನೆಗೆ ಬಾಗಿ, ಬಾಲದ ಹಾಗೆ ಅಡ್ಡಕ್ಕೆ ಚಾಚಿಕೊಂಡಿತು. ಲಕ್ಷಾಂತರ ಕೋಶಗಳು ಸತ್ತ ಮೇಲೂ ಕೆಲವು ಸಾಯಲೊಲ್ಲವು. ನನಗೆ ಬೇಕಾಗಿದ್ದದ್ದು ಆ ಬಾಲ.

ಬಾಲದ ಪ್ಲೇಟುಗಳನ್ನು ಎರಡೇ ದಿನಕ್ಕೆ ಆಟೋಕ್ಲೇವ್‌ಗೆ (ಬಿಸಿ ಹಬೆಯಲ್ಲಿ ಎಲ್ಲವನ್ನೂ ಕೊಲ್ಲುವ ಪಾತ್ರೆಗೆ) ಹಾಕಬೇಡಿ. ಅಲ್ಲಿ ಎರಡು ಬಗೆಯ ಕಾಲೊನಿಗಳು ಸಿಗುತ್ತವೆ: ಮೂಲ ತಳಿಯಷ್ಟೇ ದೊಡ್ಡವು ಕೆಲವು, ದೀಪದ ಕೆಳಗೆ ಪ್ಲೇಟ್ ಓರೆ ಹಿಡಿದರೆ ಮಾತ್ರ ಕಾಣುವ ಚುಕ್ಕಿಯಂಥವು ಕೆಲವು. ಈ ಚುಕ್ಕಿಗಳು ತಡವಾಗಿ ಏಳುತ್ತವೆ. ದೊಡ್ಡದು, ಚಿಕ್ಕದು ಎರಡನ್ನೂ ಆರಿಸಿಕೊಂಡು, ಹೊಸ ಪ್ಲೇಟಿನ ಮೇಲೆ ಗೆರೆ ಎಳೆದು ಶುದ್ಧ ಮಾಡಿ, ಮೊದಲು ಗ್ಲಿಸರಾಲ್‌ನಲ್ಲಿ ಮೈನಸ್ 80ಕ್ಕೆ ಇಟ್ಟೆ. ಆಮೇಲೆ ಆಮ್ಲವಿಲ್ಲದ ಬ್ರಾತ್‌ನಲ್ಲಿ ಮತ್ತೆ ಮತ್ತೆ ಬೆಳೆಸಿ, ಮೂಲ ತಳಿಯ ಪಕ್ಕದಲ್ಲೇ ಇಟ್ಟು ಅದೇ ಆಮ್ಲಕ್ಕೆ ಒಡ್ಡಿದೆ. ಬಹುಪಾಲು ಮೂಲ ತಳಿಯಂತೆಯೇ ಸತ್ತವು. ಅವುಗಳದು ಸ್ವೆಟರ್ ಮಾತ್ರ, ಅಥವಾ ಅದೃಷ್ಟ. ಕೆಲವು ಸಾಯಲಿಲ್ಲ. ಅವು ಬಹುತೇಕ ಆ ಚಿಕ್ಕ ಚುಕ್ಕಿಗಳೇ.

ಅವುಗಳನ್ನು ಮಾತ್ರ ಸೀಕ್ವೆನ್ಸಿಂಗ್‌ಗೆ, ಅಂದರೆ ಡಿಎನ್‌ಎ ಅಕ್ಷರಗಳನ್ನು ಓದಿಸಲು, ಕಳಿಸಿದೆ. ಲಿಸ್ಟೀರಿಯಾದ ಕೋಶಭಿತ್ತಿ ದಪ್ಪ, ಭಿತ್ತಿ ಕರಗಿಸುವ ಲೈಸೋಜೈಮ್ ಕಿಣ್ವದಲ್ಲಿ ನೆನೆಸದೆ ಡಿಎನ್‌ಎ ಸರಿಯಾಗಿ ಬರುವುದಿಲ್ಲ. ಮೂಲ ತಳಿಯನ್ನೂ ಜೊತೆಗೇ ಕಳಿಸಿ. ಖರ್ಚು ಉಳಿಸಲೆಂದು ಡೇಟಾಬೇಸಿನ ಜೀನೋಮ್‌ಗೆ ಹೋಲಿಸಿದರೆ, ವರ್ಷಗಟ್ಟಲೆ ನಮ್ಮದೇ ಫ್ರೀಜರ್‌ನಲ್ಲಿ ಕೂಡಿಕೊಂಡ ಹಳೆಯ ಬದಲಾವಣೆಗಳೆಲ್ಲ ಹೊಸದೆಂಬಂತೆ ಎದ್ದು ಕೂರುತ್ತವೆ.

ನಾನು ಮೊದಲು ಕಣ್ಣಾಡಿಸಿದ್ದು ಆರ್‌ಪಿಎಸ್‌ಯು ಜೀನಿನ ಮೇಲೆ. ನೆದರ್ಲೆಂಡ್ಸ್‌ನ ವಾಗನಿಂಗನ್ ವಿಶ್ವವಿದ್ಯಾಲಯದವರು ಇಂಥದ್ದೇ ಬಾಲದಿಂದ ಆರಿಸಿದ ತಳಿಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇದನ್ನೇ. ಇದು ಪ್ರೋಟೀನ್ ತಯಾರಿಸುವ ಯಂತ್ರವಾದ ರೈಬೋಸೋಮಿನ ಎಸ್21 ಎಂಬ ಪುಟ್ಟ ಪ್ರೋಟೀನಿನ ಜೀನ್. ಅವರ ಒಂದು ತಳಿಯಲ್ಲಿ ಜೀನೇ ಪೂರ್ತಿ ಅಳಿಸಿಹೋಗಿತ್ತು. ಇನ್ನೊಂದರಲ್ಲಿ ಪ್ರೋಟೀನಿನ 17ನೇ ಸ್ಥಾನದ ಆರ್ಜಿನೀನ್ ಎಂಬ ಅಮೈನೋ ಆಮ್ಲ ಹೋಗಿ ಪ್ರೋಲೀನ್ ಕೂತಿತ್ತು. ಪ್ರೋಟೀನ್ ತಯಾರಿಸುವ ಯಂತ್ರದಲ್ಲಿ ಒಂದು ಬಿಡಿಭಾಗ ಕೆಟ್ಟರೆ ಆಮ್ಲ ತಡೆಯುವ ಶಕ್ತಿ ಏಕೆ ಬರಬೇಕು? ಈ ತಳಿಗಳಲ್ಲಿ ಸಿಗ್ಮಾ-ಬಿ ಕೈಕೆಳಗಿನ ಜೀನ್‌ಗಳು ಆಪತ್ತು ಬರುವ ಮೊದಲೇ ಚಾಲೂ ಇರುತ್ತವೆ. ಬೆಲೆ ತೆರುವುದು ಬೆಳವಣಿಗೆಯಲ್ಲಿ. ಆ ಚುಕ್ಕಿ ಕಾಲೊನಿಗಳಿಗೆ ಅದೇ ಕಾರಣ.

ಇದಕ್ಕಿಂತ ನನಗೆ ಹಿಡಿಸಿದ್ದು ಅವರ ಮುಂದಿನ ಕೆಲಸ. 17ನೇ ಸ್ಥಾನ ಬದಲಾದ ತಳಿಯನ್ನು ಬೇಗ ಬೆಳೆಯುವವರೇ ಗೆಲ್ಲುವಂತೆ ತಲೆಮಾರುಗಟ್ಟಲೆ ಬೆಳೆಸಿದಾಗ, ಅದೇ ಜಾಗ ಮತ್ತೊಮ್ಮೆ ಬದಲಾಗಿ ವೇಗ ಮರಳಿತು, ಆಮ್ಲ ತಡೆಯುವ ಗುಣ ಹೋಯಿತು. ಹಾಗಾದರೆ ನನ್ನ ಪರೀಕ್ಷೆಯಲ್ಲೂ ಸಾದಾ ಬ್ರಾತ್‌ನಲ್ಲಿ ಅತಿಯಾಗಿ ಬೆಳೆಸಿದರೆ ನಿಜವಾದ ಮ್ಯುಟೇಷನ್ನೂ ಕಳೆದುಹೋಗಿ, ಬರೀ ಹೊಂದಿಕೆಯಂತೆ ಕಂಡೀತು. ಗ್ಲಿಸರಾಲ್ ಸ್ಟಾಕನ್ನು ಮೊದಲೇ ಇಡುವುದು ಅದಕ್ಕೇ. ಅನುಮಾನ ಬಂದಾಗ ಮೈನಸ್ 80ರಿಂದ ತೆಗೆದು ಹೊಸದಾಗಿ ಶುರುಮಾಡುತ್ತೇನೆ.

ಈಗ ಯಾವುದಾದರೂ ಆಹಾರಕ್ಕೆ ಎಷ್ಟು ಹುಳಿ, ಎಷ್ಟು ಹೊತ್ತು ಸಾಕು ಎಂದು ಲೆಕ್ಕ ಹಾಕುವಾಗ ಗ್ರಾಫಿನ ನೇರ ಭಾಗವನ್ನೇ ಕೊನೆಯವರೆಗೆ ಎಳೆಯುವುದಿಲ್ಲ. ಬಾಲದ ಅಂಕಿಗಳು ವರದಿಯಲ್ಲಿ ಪ್ರತ್ಯೇಕವಾಗಿಯೇ ಹೋಗುತ್ತವೆ.