ಹೋಮೊಲಾಗಸ್ಸೋ ಅನಲಾಗಸ್ಸೋ? ಗೆಣಸು, ಬಟಾಟಿ ಹಿಡಿದು ಬಿಡಿಸುವ ಬಗೆ

ಹತ್ತನೆಯ ತರಗತಿಯಲ್ಲಿ ರಚನಾನುರೂಪಿ (ಹುಟ್ಟು ಒಂದೇ ಇರುವ ಅಂಗಗಳು), ಕಾರ್ಯಾನುರೂಪಿ (ಹುಟ್ಟು ಬೇರೆ, ಕೆಲಸ ಒಂದೇ ಇರುವ ಅಂಗಗಳು) ಎಂದು ಓದಿದವರೇ ಪಿಯುಸಿಯಲ್ಲಿ ಅವೇ ಕ್ರಮವಾಗಿ ಹೋಮೊಲಾಗಸ್, ಅನಲಾಗಸ್ ಎಂಬ ಹೆಸರಲ್ಲಿ ಬಂದೊಡನೆ ಅದಲುಬದಲು ಮಾಡುತ್ತಾರೆ. ವ್ಯಾಖ್ಯೆ ಉರು ಹೊಡೆದರೆ ಈ ಗೊಂದಲ ಹೋಗದು. ಬೆಳಗಾವಿ ಸಂತೆಯಲ್ಲಿ ಗೆಣಸಿಗೂ ಬಟಾಟಿಗೂ ಬರವಿಲ್ಲ. ಎರಡೆರಡು ತಂದು ಮುಂದಿಟ್ಟುಕೊಳ್ಳಿ.

ಮೊದಲು ಬಟಾಟಿಯ ಕಣ್ಣು. ಒಂದೊಂದು ಕುಳಿಯಲ್ಲೂ ಮೊಗ್ಗು, ಅದರಂಚಿಗೆ ಹುಬ್ಬಿನಂಥ ಗೆರೆ. ಆ ಹುಬ್ಬು ಎಲೆ ಇದ್ದ ಗುರುತು. ಕಣ್ಣಿಗೊಂದು ಗುಂಡುಪಿನ್ನು ಚುಚ್ಚಿ ದಾರ ಸುತ್ತುತ್ತ ಹೋದರೆ ಸುರುಳಿ ಮೂಡುತ್ತದೆ. ಎಲೆ, ಮೊಗ್ಗು ಹೀಗೆ ಕ್ರಮವಾಗಿ ಕೂತಿದ್ದರೆ ಅದು ಕಾಂಡ. ಗೆಣಸಿನಲ್ಲಿ ಹುಬ್ಬೂ ಇಲ್ಲ, ಸುರುಳಿಯೂ ಇಲ್ಲ, ಕೂದಲಿನಂಥ ಕವಲುಬೇರು ಮಾತ್ರ. ಅದು ಉಬ್ಬಿದ ಬೇರು. ಹುಟ್ಟು ಬೇರೆ, ಕೆಲಸ ಒಂದೇ: ಕಾರ್ಯಾನುರೂಪಿ. ಬಟಾಟಿಯ ಪಕ್ಕ ಹಸಿಶುಂಠಿ ಇಟ್ಟರೆ ಮಾತು ಬದಲಾಗುತ್ತದೆ, ಎರಡೂ ಕಾಂಡವೇ: ರಚನಾನುರೂಪಿ.

ಎಡವುವುದು ಇಲ್ಲಿ. ಅಯೋಡಿನ್ ಹನಿ ಹಾಕಿದರೆ ಗೆಣಸೂ ಬಟಾಟಿಯೂ ಕಡುನೀಲಿಯಾಗುತ್ತವೆ. ಎರಡರಲ್ಲೂ ಪಿಷ್ಟವಿದೆ ಎಂದಷ್ಟೇ ಅದರರ್ಥ; ಹುಟ್ಟಿನ ಸುದ್ದಿ ಅದರಿಂದ ಸಿಗದು. ಇನ್ನು, ಗೆಣಸೂ ಚಿಗುರುತ್ತದೆ. ‘ಚಿಗುರಿತು, ಹಾಗಾದರೆ ಕಾಂಡ’ ಎಂದು ಬರೆದರೆ ಅಂಕ ಹೋಯಿತು. ಅವು ಬೇರಿನ ಮೇಲೆ ಕ್ರಮವಿಲ್ಲದೆ ಹೊಸದಾಗಿ ಏಳುವ ಮೊಗ್ಗುಗಳು, ಹೆಚ್ಚಾಗಿ ಬಳ್ಳಿಗೆ ಅಂಟಿದ್ದ ತುದಿಯಲ್ಲಿ. (ರೈತರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ: ಬಟಾಟಿ ಬೀಜ ಹೋಳು ಮಾಡುವಾಗ ಕಣ್ಣು ನೋಡಿ ಕೊಯ್ಯುತ್ತಾರೆ, ಗೆಣಸಿಗೆ ಬಳ್ಳಿಯನ್ನೇ ತುಂಡರಿಸಿ ಊರುತ್ತಾರೆ.)

ಉತ್ತರ ಬರೆಯುವಾಗ ‘ಯಾವುದಾಗಿ?’ ಎಂಬುದನ್ನು ಬಿಡಬೇಡಿ. ಬಾವಲಿಯ ರೆಕ್ಕೆ, ಹಕ್ಕಿಯ ರೆಕ್ಕೆ ಎರಡರೊಳಗೂ ತೋಳಿನ ಒಂದು ಮೂಳೆ, ಮುಂದೋಳಿನ ಎರಡು ಮೂಳೆ ಇವೆ. ನಾಲ್ಕು ಕಾಲಿನ ಪೂರ್ವಜನಿಂದ ಬಂದದ್ದು. ಹಾರಾಟ ಮಾತ್ರ ಬೇರೆಬೇರೆಯಾಗಿ ಬಂತು. ಆದ್ದರಿಂದ ಮುಂಗಾಲಾಗಿ ರಚನಾನುರೂಪಿ, ರೆಕ್ಕೆಯಾಗಿ ಕಾರ್ಯಾನುರೂಪಿ. ಬರೀ ಒಂದೇ ಪದ ಬರೆದರೆ ಉತ್ತರ ಅರ್ಧ.

ಇಂಗ್ಲಿಷ್ ಅಂಗರಚನಾ ವಿಜ್ಞಾನಿ ರಿಚರ್ಡ್ ಓವನ್ 1843ರಲ್ಲಿ ಈ ಎರಡು ಪದಗಳನ್ನು ಬೇರ್ಪಡಿಸಿದಾಗ ಡಾರ್ವಿನ್ನನ ವಿಕಾಸದ ಪುಸ್ತಕ ಬರಲು ಇನ್ನೂ 16 ವರ್ಷವಿತ್ತು. ‘ಒಂದೇ ರಚನೆ’ ಎಂಬಲ್ಲಿಗೆ ನಿಲ್ಲುವ ವ್ಯಾಖ್ಯೆ ಆ ಕಾಲದ್ದು. ಈಗ ‘ಸಮಾನ ಪೂರ್ವಜ’ ಎಂಬ ಮಾತು ಬೇಕೇಬೇಕು. ರಚನಾನುರೂಪಿ ಎಂದರೆ ಕೆಲಸ ಬೇರೆಯೇ ಇರಬೇಕೆಂದೂ ಇಲ್ಲ: ಮಂಗನ ಕೈ, ನಮ್ಮ ಕೈ ಎರಡೂ ಹಿಡಿಯುತ್ತವೆ, ಆದರೂ ರಚನಾನುರೂಪಿಗಳೇ.