ಕಾರ್ ಬ್ಯಾಟರಿ ಟರ್ಮಿನಲ್‌ಗೆ ಪುಡಿ ಕಟ್ಟಿದೆಯೇ?

ಕೀ ತಿರುಗಿಸಿದರೆ ಬರೀ ‘ಟಕ್ ಟಕ್’ ಸದ್ದು ಬರುತ್ತಿದೆಯೇ? ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಬಾನೆಟ್ ಎತ್ತಿ ನೋಡಿ. ಟರ್ಮಿನಲ್ (ವೈರ್ ಸೇರುವ ಸೀಸದ ಕಂಬ) ಮೇಲೆ ಬಿಳಿ ಅಥವಾ ಹಸಿರು-ನೀಲಿ ಪುಡಿ ಕಟ್ಟಿದ್ದರೆ ಇಂಜಿನ್ ಚಾಲೂ ಮಾಡುವ ಸ್ಟಾರ್ಟರ್ ಮೋಟರ್‌ಗೆ ಸಾಕಷ್ಟು ಕರೆಂಟ್ ಹೋಗುವುದಿಲ್ಲ.

ಇಂಜಿನ್ ಆಫ್ ಮಾಡಿ, ಉಂಗುರ-ಬಳೆ ತೆಗೆದಿಟ್ಟು ಕೈಗವಸು, ಕನ್ನಡಕ ಹಾಕಿಕೊಳ್ಳಿ. ಹೆಚ್ಚಿನ ಕಾರುಗಳಿಗೆ 10 ಎಂಎಂ ಸ್ಪ್ಯಾನರ್ ಸಾಕು. ಮೊದಲು ಮೈನಸ್ (−) ವೈರ್ ಬಿಚ್ಚಿ, ಆಮೇಲೆ ಪ್ಲಸ್ (+). ಈ ಕ್ರಮ ತಪ್ಪಬಾರದು. ಕಾರಿನ ಬಾಡಿ ಮೈನಸ್‌ಗೆ ಸೇರಿರುತ್ತದೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ ಆ ಕಿಡಿ ತಮಾಷೆಯಲ್ಲ.

ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಬುಸುಬುಸು ನೊರೆ ಬಂದರೆ ಆಸಿಡ್ ಸಾಯುತ್ತಿದೆ ಎಂದರ್ಥ. ನೊರೆ ನಿಲ್ಲುವವರೆಗೂ ಬಿಡಬೇಡಿ. ಮುಚ್ಚಳವಿರುವ ಬ್ಯಾಟರಿಯಾದರೆ ಸೋಡಾ ನೀರು ಒಳಗಿಳಿಯದಂತೆ ನೋಡಿಕೊಳ್ಳಿ, ಒಳಗಿನ ಆಸಿಡ್ ಕೆಡುತ್ತದೆ. ವೈರ್ ತುದಿಯಲ್ಲಿ ಟರ್ಮಿನಲ್ ಹಿಡಿಯುವ ಕ್ಲಾಂಪಿನ ಒಳಮೈಯನ್ನು ಮರಳು ಕಾಗದದಿಂದ ಲೋಹ ಹೊಳೆಯುವಷ್ಟು ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ.

ಜೋಡಿಸುವಾಗ ಪ್ಲಸ್ ಮೊದಲು. ಕ್ಲಾಂಪ್ ಕೈಯಲ್ಲಿ ಅಲುಗಬಾರದು, ಹಾಗೆಂದು ವಿಪರೀತ ಬಿಗಿದರೆ ಸೀಸದ ಕಂಬವೇ ಹಾಳಾಗುತ್ತದೆ. ಕೊನೆಗೆ ಮೇಲೆ ತೆಳುವಾಗಿ ವ್ಯಾಸಲಿನ್ ಹಚ್ಚಿ. ಗಡಿಯಾರ, ರೇಡಿಯೊ ಸೆಟಿಂಗ್ ಅಳಿಸಿಹೋಗಿರಬಹುದು. ಕೆಲವು ಸ್ಟೀರಿಯೊ ಕೋಡ್ ಕೇಳುತ್ತವೆ, ಬಿಚ್ಚುವ ಮೊದಲೇ ಹುಡುಕಿಟ್ಟುಕೊಳ್ಳಿ.

ಪುಡಿ ಬೇಗನೆ ಮತ್ತೆ ಬಂದರೆ ಬ್ಯಾಟರಿ ಟರ್ಮಿನಲ್‌ಗಳಿಗೆ ಮಲ್ಟಿಮೀಟರ್ (ವೋಲ್ಟ್ ಅಳೆಯುವ ಮೀಟರ್) ಹಿಡಿಯಿರಿ. ಇಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. 15 ದಾಟಿದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ರೆಗ್ಯುಲೇಟರ್ (ವೋಲ್ಟ್ ನಿಯಂತ್ರಿಸುವ ಭಾಗ) ಮೆಕ್ಯಾನಿಕ್‌ಗೆ ತೋರಿಸಿ.