ಯಾರ ಬಾಯಿ, ಯಾರ ಕಣ್ಣು: ಕಥೆಗಳನ್ನು ಗಟ್ಟಿಯಾಗಿ ಓದುತ್ತಾ ಕಲಿತದ್ದು

ಕಣ್ಣು ಕಾಣದವರಿಗಾಗಿ ಕಥೆ ಓದಿ ರೆಕಾರ್ಡ್ ಮಾಡುವ ಕೆಲಸಕ್ಕೆ ಸೇರಿದಾಗ, ಉಚ್ಚಾರ ಸ್ಪಷ್ಟವಾಗಿದ್ದರೆ ಸಾಕು ಅಂದುಕೊಂಡಿದ್ದೆ. ಅಲ್ಪಪ್ರಾಣ ಮಹಾಪ್ರಾಣ ತಪ್ಪಬಾರದು, ಉಸಿರಿನ ಸದ್ದು ಮೈಕಿಗೆ ಬೀಳಬಾರದು, ಪುಟ ಮಗುಚುವಾಗ ಮಾತು ನಿಲ್ಲಿಸಬೇಕು. ಕಥೆಯನ್ನು ಅರ್ಥ ಮಾಡಿಕೊಳ್ಳುವುದು ಕೇಳುವವರ ಪಾಲಿನ ಕೆಲಸ, ನನ್ನದಲ್ಲ.

ಒಂದು ಫೋನ್ ಕರೆ ಬಂದು ಅದೆಲ್ಲ ತಲೆಕೆಳಗಾಯಿತು. ನಾನು ಓದಿದ್ದು ಆಸ್ಪತ್ರೆಯ ಓಣಿಯಂಥ ಹಾದಿಯಲ್ಲಿ ಬೆಂಚಿನ ಮೇಲೆ ಕಾಯುತ್ತಾ ಕೂತ ಏಳು ವರ್ಷದ ಹುಡುಗನ ಕಥೆ. (ಇಲ್ಲಿ ಕೊಡುವ ವಾಕ್ಯಗಳನ್ನು ನನ್ನ ಮಾತಿಗೆ ತಿರುಗಿಸಿಕೊಂಡಿದ್ದೇನೆ.) "ಬಾಗಿಲು ತೆರೆಯಿತು. ಬಿಳಿ ಕೋಟು ಬಾವಲಿಯ ಹಾಗೆ ರೆಕ್ಕೆ ಬಿಚ್ಚಿಕೊಂಡು ಬಂತು. ಹಿಂದೆಯೇ ಅಮ್ಮ ಬಂದಳು. ಆದರೆ ಅಮ್ಮನ ಮುಖ ಬಂದಿರಲಿಲ್ಲ." ಇದನ್ನು ನಾನು ಗಂಭೀರವಾಗಿ, ಲೋಕ ಕಂಡವರ ದನಿಯಲ್ಲಿ, ಬಾವಲಿಯ ಮೇಲೆ ಒಂದಿಷ್ಟು ಒತ್ತು ಹಾಕಿ ಓದಿದ್ದೆ. ಚೆನ್ನಾಗಿ ಬಂತು ಎಂಬ ಹೆಮ್ಮೆಯೂ ಇತ್ತು.

ಕೇಳಿದವರೊಬ್ಬರು ಫೋನ್ ಮಾಡಿ, "ಮೇಡಂ, ಆ ಹುಡುಗನ ಪಕ್ಕ ಯಾರೋ ದೊಡ್ಡವರು ಕೂತಿದ್ದಾರಲ್ಲ, ಅವರು ಯಾರು? ಕೊನೆಯವರೆಗೂ ಗೊತ್ತೇ ಆಗಲಿಲ್ಲ" ಎಂದರು.

ಕಥೆಯಲ್ಲಿ ಅಂಥವರು ಯಾರೂ ಇರಲಿಲ್ಲ. ಬೆಂಚಿನ ಮೇಲೆ ಹುಡುಗನ ಪಕ್ಕ ಹೋಗಿ ಕೂತವಳು ನಾನೇ.

ಕಣ್ಣಿನಿಂದ ಓದುವಾಗ ಒಂದು ವಾಕ್ಯ ಯಾರದು ಎಂದು ತೀರ್ಮಾನಿಸದೆಯೇ ಮುಂದಕ್ಕೆ ಜಾರಬಹುದು. ದನಿಗೆ ಆ ಸೌಕರ್ಯವಿಲ್ಲ, ಪ್ರತಿ ವಾಕ್ಯವೂ ಯಾವುದೋ ಒಂದು ಗಂಟಲಿನಿಂದಲೇ ಹೊರಡಬೇಕು. ಉದ್ಧರಣ ಚಿಹ್ನೆ ಕೇಳುಗರಿಗೆ ಕಾಣುವುದಿಲ್ಲ. ಹಾಗಾಗಿ ಅಂದಿನಿಂದ ರೆಕಾರ್ಡಿಂಗಿಗೆ ಮುಂಚೆ ಪೆನ್ಸಿಲ್ ಹಿಡಿದು ಕೂರುವ ಅಭ್ಯಾಸ ಶುರುವಾಯಿತು.

ಮೊದಮೊದಲು ಪಾಠಪುಸ್ತಕದ ದಾರಿ ಹಿಡಿದೆ. ಕಥೆಯಲ್ಲಿ "ನಾನು" ಇದೆಯೋ, "ಅವನು" ಇದೆಯೋ ನೋಡುವುದು. ಅಲ್ಲೇ ಒಂದು ತೊಡಕು. ಇಂಗ್ಲಿಷಿನವರ ಎಣಿಕೆಯಲ್ಲಿ "ನಾನು" ಮೊದಲನೆಯದು. ಅದನ್ನು ಹಾಗೇ ಎತ್ತಿ "ಪ್ರಥಮ ಪುರುಷ ನಿರೂಪಣೆ" ಎಂದು ಬರೆಯುವವರಿದ್ದಾರೆ. ನಮ್ಮ ವ್ಯಾಕರಣದಲ್ಲಿ "ನಾನು" ಉತ್ತಮ ಪುರುಷ, "ನೀನು" ಮಧ್ಯಮ, ಪ್ರಥಮ ಪುರುಷವೆಂದರೆ "ಅವನು". ಒಂದೇ ಹೆಸರಿಗೆ ಎರಡು ವಿರುದ್ಧ ಅರ್ಥ. ಈ ಗೋಜಲು ಬಿಡಿಸಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ಬಿಡಿಸಿಕೊಂಡ ಮೇಲೂ ಹುಡುಗನ ಕಥೆಗೆ ಪ್ರಯೋಜನವಾಗಲಿಲ್ಲ. ಅದು "ಅವನು" ಎಂದೇ ಬರೆದ ಕಥೆ. ಹಾಗಿದ್ದರೆ ದೊಡ್ಡವರ ದನಿ ಸರಿಯೇ ಅಲ್ಲವೇ?

ದಾರಿ ತೋರಿಸಿದ್ದು ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ಎತ್ತಿದ ಒಂದು ಸರಳ ಭೇದ. ಹೇಳುತ್ತಿರುವವರು ಯಾರು ಎಂಬುದು ಒಂದು ಪ್ರಶ್ನೆ, ನೋಡುತ್ತಿರುವವರು ಯಾರು ಎಂಬುದು ಬೇರೆಯೇ ಪ್ರಶ್ನೆ. ಹುಡುಗನ ಕಥೆಯ ಬಾಯಿ ದೊಡ್ಡವರದು. ಅಷ್ಟು ಹದವಾದ ವಾಕ್ಯ ಏಳು ವರ್ಷದವನಿಗೆ ಬರುವುದಿಲ್ಲ. ಕಣ್ಣು ಮಾತ್ರ ಹುಡುಗನದು. ಬೆಂಚಿನ ಎತ್ತರದಿಂದ ನೋಡಿದರೆ ಡಾಕ್ಟರ ಮುಖಕ್ಕಿಂತ ಮೊದಲು ಕಾಣುವುದು ಕೋಟಿನ ಅಂಚು. ನಾನು ಬಾಯಿಯನ್ನು ಕೇಳಿಸಿಕೊಂಡಿದ್ದೆ, ಕಣ್ಣನ್ನು ಮರೆತಿದ್ದೆ. ಆಮೇಲೆ ಪುಟದ ಅಂಚಿನಲ್ಲಿ ಎರಡು ಗುರುತು ಹಾಕತೊಡಗಿದೆ: ಬಾಯಿಗೆ "ಬಾ", ಕಣ್ಣಿಗೆ "ಕ". ಎರಡೂ ಒಬ್ಬರದೇ ಆಗಿರುವ ಕಥೆಗಳು ನಾನು ಎಣಿಸಿದ್ದಕ್ಕಿಂತ ಬಹಳ ಕಡಿಮೆ ಸಿಕ್ಕವು.

ಕಣ್ಣು ಯಾರದೆಂದು ಪತ್ತೆ ಹಚ್ಚಲು ಇನ್ನೊಬ್ಬ ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ 1966ರಲ್ಲಿ ಕೊಟ್ಟ ಪರೀಕ್ಷೆಯೊಂದಿದೆ. "ಅವನು" ಇರುವ ಕಡೆ "ನಾನು" ಹಾಕಿ ನೋಡಿ. "ಅವನಿಗೆ ಎದೆ ಹೊಡೆದುಕೊಂಡಿತು" ಸಲೀಸಾಗಿ "ನನಗೆ ಎದೆ ಹೊಡೆದುಕೊಂಡಿತು" ಆಗುತ್ತದೆ. ಅಂದರೆ ಕಣ್ಣು ಒಳಗಿದೆ. "ಅವನು ಖುಷಿಯಾಗಿದ್ದವನಂತೆ ಕಂಡ" ಎಂಬುದನ್ನು ಬದಲಿಸಿದರೆ "ನಾನು ಖುಷಿಯಾಗಿದ್ದವನಂತೆ ಕಂಡೆ" ಎಂದಾಗಿ ವಾಕ್ಯ ಕುಂಟುತ್ತದೆ, ಯಾರಿಗೆ ಕಂಡೆ? ಅಲ್ಲಿ ಕಣ್ಣು ಹೊರಗೆ ನಿಂತಿದೆ. ಈ ಪರೀಕ್ಷೆಯನ್ನು ನಾನು ಇಂದಿಗೂ ದಿನಾ ಮಾಡುತ್ತೇನೆ.

ಆದರೆ ಕನ್ನಡದಲ್ಲಿ ಓದುವವರಿಗೆ ಇದಕ್ಕಿಂತ ಹತ್ತಿರದ ಸುಳಿವುಗಳಿವೆ, ಅವನ್ನು ಯಾವ ಫ್ರೆಂಚರೂ ಹೇಳಿಕೊಡಬೇಕಾಗಿಲ್ಲ. "ಬಾಗಿಲು ತಳ್ಳಿ ಒಳಗೆ ಬಂದಳು" ಎಂದರೆ ಕಥೆಯ ಕಣ್ಣು ಕೋಣೆಯೊಳಗಿದೆ. "ಒಳಗೆ ಹೋದಳು" ಎಂದರೆ ಕಣ್ಣು ಹೊರಗಿದೆ. ಆಸ್ಪತ್ರೆಯ ಕಥೆಯಲ್ಲಿ ಎಲ್ಲರೂ "ಬಂದರು", ಒಬ್ಬರೂ "ಹೋಗ"ಲಿಲ್ಲ. ಹುಡುಗ ಬೆಂಚಿನಿಂದ ಕದಲಿಲ್ಲ ಎಂಬುದನ್ನು ಆ ಕ್ರಿಯಾಪದವೇ ಕೂಗಿ ಹೇಳುತ್ತಿತ್ತು, ನನಗೆ ಕೇಳಿಸಿರಲಿಲ್ಲ. ಮರ್ಯಾದೆಯ ರೂಪವೂ ಹಾಗೆಯೇ. ಒಂದು ಕಥೆಯಲ್ಲಿ ಮಾವ ನಾಲ್ಕು ಪುಟಗಳವರೆಗೆ "ಬಂದರು, ಕೂತರು, ನಕ್ಕರು", ಐದನೆಯ ಪುಟದಲ್ಲಿ "ಮಾವ ಎದ್ದ". ಅಚ್ಚಿನ ತಪ್ಪೆಂದು ತಿದ್ದಿ ಓದಲು ಹೊರಟಿದ್ದೆ. ಇನ್ನೊಮ್ಮೆ ನೋಡಿದರೆ, ಸೊಸೆ ಆ ಪುಟದಲ್ಲೇ ಆತನ ಕಾಗದ ಓದಿದ್ದಾಳೆ. ಬೈಗುಳವಿಲ್ಲ, ಸಿಟ್ಟು ಎಂಬ ಪದವೂ ಇಲ್ಲ. "ಅರು" ಹೋಗಿ "ಅ" ಬಂದಿದೆ, ಅಷ್ಟೆ.

"ಅಂತೆ" ಇನ್ನೊಂದು. "ಅವಳು ಅತ್ತಳು" ಮತ್ತು "ಅವಳು ಅತ್ತಳಂತೆ" ನಡುವೆ ಒಂದಿಡೀ ಊರೇ ನಿಂತಿರುತ್ತದೆ. ಹೇಳುವವರು ಕಂಡಿಲ್ಲ, ಕೇಳಿದ್ದಾರೆ, ಹೊಣೆ ಹೊರಲು ತಯಾರಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು "ತಾನು". "ಅವನು ಸೋತ ಎಂದುಕೊಂಡ" ಎಂದರೆ ಸೋತವನು ಬೇರೆ ಯಾರೋ ಇರಬಹುದು. "ತಾನು ಸೋತೆ ಎಂದುಕೊಂಡ" ಎಂದರೆ ನಾವು ನೇರ ಅವನ ತಲೆಯೊಳಗೆ. ಕ್ರಿಯಾಪದ ಕೂಡ "ನಾನು" ಇದ್ದಂತೆ "ಸೋತೆ" ಎಂದಾಗಿಬಿಡುತ್ತದೆ. "ಎಂದುಕೊಂಡ" ಇರುವಷ್ಟು ಹೊತ್ತು ಓದುವವರಿಗೆ ಹಿಡಿಕೆಯಿರುತ್ತದೆ. ಕಥೆಗಾರರು ಆ ಹಿಡಿಕೆಯನ್ನೇ ಕಿತ್ತರೆ? "ಕಾಗದ ಮಡಿಚಿಟ್ಟ. ಇನ್ನು ಬರುವುದಿಲ್ಲ ಅವಳು. ಬರಲೇಬಾರದು. ಕಿಟಕಿ ಮುಚ್ಚಿದ." ಮೊದಲನೆಯ ಮತ್ತು ಕೊನೆಯ ವಾಕ್ಯ ನಿರೂಪಕರದು. ನಡುವಿನ ಎರಡು ಅವನದು, ಆದರೆ ಅವನು ಮಾತಾಡಿಲ್ಲ, ಚಿಹ್ನೆಯೂ ಇಲ್ಲ. ಈ ಬರವಣಿಗೆಗೆ 1912ರಲ್ಲಿ ಶಾರ್ಲ್ ಬಲ್ಲಿ ಎಂಬ ಭಾಷಾವಿಜ್ಞಾನಿ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಸ್ಥೂಲವಾಗಿ ಮುಕ್ತ ಪರೋಕ್ಷ ಶೈಲಿ ಎನ್ನಬಹುದು. ಹೆಸರು ಬರುವ ಮುಂಚೆಯೇ ಅದು ಕೋರ್ಟಿಗೂ ಹೋಗಿ ಬಂದಿತ್ತು. 1857ರಲ್ಲಿ ಫ್ರೆಂಚ್ ಕಾದಂಬರಿಕಾರ ಫ್ಲೋಬೇರ್ ಮೇಲೆ "ಮದಾಂ ಬೊವಾರಿ" ಕಾದಂಬರಿಗಾಗಿ ಅನೀತಿಯ ಮೊಕದ್ದಮೆ ನಡೆದಾಗ, ಸರ್ಕಾರಿ ವಕೀಲರು ವ್ಯಭಿಚಾರದ ಸುಖವನ್ನು ಹೊಗಳುವ ಸಾಲುಗಳನ್ನು ಲೇಖಕನ ಮಾತೆಂದೇ ಹಿಡಿದರು. ಅವು ನಾಯಕಿ ಎಮ್ಮಾಳ ತಲೆಯೊಳಗಿನ ಮಾತುಗಳೆಂದು ಮುಂದೆ ವಿಮರ್ಶಕರು ಬಿಡಿಸಿ ತೋರಿಸಿದ್ದಾರೆ. ಫ್ಲೋಬೇರ್ ಖುಲಾಸೆಯಾದರು. ವಕೀಲರು ಮಾಡಿದ್ದು ಬೆಂಚಿನ ಮೇಲೆ ನಾನು ಮಾಡಿದ ತಪ್ಪನ್ನೇ ಎಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾಯಿತು.

ಇಂಥ ವಾಕ್ಯಗಳನ್ನು ನಾನೀಗ ಓದುವುದು ಹೀಗೆ: ದನಿ ಬದಲಿಸುವುದಿಲ್ಲ, ವೇಗ ಬದಲಿಸುತ್ತೇನೆ. ಪಾತ್ರದ ದನಿ ತೆಗೆದರೆ ಅದು ನಾಟಕವಾಗಿ, ಅವನು ನಿಜಕ್ಕೂ ಬಾಯಿಬಿಟ್ಟು ಮಾತಾಡಿದನೆಂದೇ ಕೇಳುಗರಿಗೆ ಅನಿಸುತ್ತದೆ.

ಈಗ ಬಾವಲಿಗೆ ಬರುತ್ತೇನೆ. ಶಾಲೆಯಲ್ಲಿ ಉಪಮಾಲಂಕಾರದ ನಾಲ್ಕು ಭಾಗಗಳನ್ನು ಗುರುತಿಸಿ ಅಂಕ ತೆಗೆದುಕೊಂಡವಳು ನಾನು. ಉಪಮೇಯ ಕೋಟು, ಉಪಮಾನ ಬಾವಲಿ, ವಾಚಕ "ಹಾಗೆ", ಸಮಾನಧರ್ಮ ರೆಕ್ಕೆ ಬಿಚ್ಚುವುದು. ಪೂರ್ಣೋಪಮೆ, ಮುಗಿಯಿತು. ಯಾರಿಗೆ ಹಾಗೆ ಕಂಡಿತು ಎಂಬ ಐದನೆಯ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಯಾರೂ ಕೇಳಲಿಲ್ಲ. ಕಥೆಯಲ್ಲಿ ಬೇಕಾದದ್ದು ಅದೇ. ಡಾಕ್ಟರ ಕೋಟು ಬಿಳಿ, ಬಾವಲಿ ಕಪ್ಪು. ದೊಡ್ಡವರಿಗೆ ಈ ಹೋಲಿಕೆ ಹೊಳೆದರೂ ಬಣ್ಣ ನೋಡಿ ಕೈಬಿಡುತ್ತಾರೆ. ಹೆದರಿದ ಮಗುವಿಗೆ ಬಣ್ಣ ಲೆಕ್ಕಕ್ಕಿಲ್ಲ. ಹೋಲಿಕೆ ಸರಿಹೊಂದದ ಆ ಜಾಗದಲ್ಲೇ ಹುಡುಗ ಅಡಗಿ ಕೂತಿದ್ದ. ಬಾವಲಿಯ ಮೇಲೆ ಒತ್ತು ಹಾಕಿ ನಾನು ಅವನನ್ನು ಮುಚ್ಚಿಬಿಟ್ಟಿದ್ದೆ.

ಇದನ್ನು ದೊಡ್ಡ ಶೋಧವೆಂದುಕೊಂಡು ಬೀಗುತ್ತಿದ್ದಾಗಲೇ ಗೊತ್ತಾಯಿತು, ನಮ್ಮ ಆಲಂಕಾರಿಕರು ಇಲ್ಲಿಗೆ ಎಂದೋ ಬಂದು ಹೋಗಿದ್ದಾರೆ. ಧ್ವನಿಯ, ಅಂದರೆ ಮಾತು ನೇರವಾಗಿ ಹೇಳದೆ ಸೂಚಿಸುವ ಅರ್ಥದ, ಬಗೆಗಳನ್ನು ಎಣಿಸುವಾಗ 11ನೇ ಶತಮಾನದ ಮಮ್ಮಟ, ಕವಿಯೇ ಕಲ್ಪಿಸಿ ಹೇಳುವ ಮಾತನ್ನೂ ಕವಿ ಸೃಷ್ಟಿಸಿದ ಪಾತ್ರ ಕಲ್ಪಿಸಿ ಹೇಳುವ ಮಾತನ್ನೂ ಬೇರೆ ಬೇರೆ ಇಡುತ್ತಾನೆ. ಎರಡನೆಯದರ ಹೆಸರು ಕವಿನಿಬದ್ಧವಕ್ತೃಪ್ರೌಢೋಕ್ತಿ. ಅಲ್ಪಪ್ರಾಣ ಮಹಾಪ್ರಾಣ ಕಾಯುವವರಿಗೆ ಒಳ್ಳೆಯ ನಾಲಗೆ ಅಭ್ಯಾಸ. ನನ್ನ "ಬಾ" ಮತ್ತು "ಕ"ಗಿಂತ ಅದು ನೂರು ಪಾಲು ನಿಖರ.

ಅಲಂಕಾರಗಳಲ್ಲಿ ಕಣ್ಣನ್ನು ಬೇಗ ತೋರಿಸಿಕೊಡುವುದು ಉತ್ಪ್ರೇಕ್ಷೆ. ಉಪಮೆ "ಹಾಗಿತ್ತು" ಎನ್ನುತ್ತದೆ, ರೂಪಕ "ಅದೇ ಇದು" ಎನ್ನುತ್ತದೆ, ಉತ್ಪ್ರೇಕ್ಷೆಯಲ್ಲಿ ಮಾತ್ರ ಒಂದು "ಓ" ಇರುತ್ತದೆ: "ಮನೆ ತನ್ನನ್ನು ಕಂಡು ಮುಖ ತಿರುಗಿಸಿತೋ ಎಂಬಂತೆ ಬಾಗಿಲು ಮುಚ್ಚಿಕೊಂಡಿತು." ಆ "ಓ" ಒಂದು ಸಂಶಯ. ಸಂಶಯ ಗಾಳಿಯಲ್ಲಿ ತೇಲುವುದಿಲ್ಲ, ಅದಕ್ಕೊಂದು ಮನಸ್ಸು ಬೇಕು. "ತನ್ನನ್ನು" ಎಂಬುದನ್ನೂ ಜೊತೆಗಿಟ್ಟು ನೋಡಿದರೆ ಊಹೆ ಯಾರದೆಂದು ಹುಡುಕಬೇಕಾಗಿಯೇ ಇಲ್ಲ.

ಎಲ್ಲ ಹೋಲಿಕೆಗಳಿಗೂ ಇಷ್ಟು ಉಪಚಾರ ಬೇಡ. ಹೊಟ್ಟೆಕಿಚ್ಚು, ತಲೆಬಿಸಿ, ಮಾತು ಕೊಡುವುದು, ಹೊತ್ತು ಕಳೆಯುವುದು ಒಂದು ಕಾಲಕ್ಕೆ ರೂಪಕಗಳು, ಈಗ ಬರೀ ಪದಗಳು. ಶುರುವಿನಲ್ಲಿ ಇವಕ್ಕೂ ಭಾವ ತುಂಬಿ ಓದಿ ನಗೆಪಾಟಲಾಗಿದ್ದೇನೆ. ಈಗ ಸಪ್ಪೆಯಾಗಿ ದಾಟಿಬಿಡುತ್ತೇನೆ. ಆದರೂ ಒಮ್ಮೊಮ್ಮೆ ಮಲಗಿದ್ದ ನುಡಿಗಟ್ಟು ಎದ್ದು ಕೂರುತ್ತದೆ. ಜನಜಂಗುಳಿಯಲ್ಲಿ ತಂಗಿಯ ಕೈ ಹಿಡಿದು ನಡೆಯುತ್ತಿದ್ದ ಅಣ್ಣನ ಕಥೆಯಲ್ಲಿ "ಅಣ್ಣ ಕೈ ಬಿಟ್ಟ" ಎಂಬ ಮೂರೇ ಪದದ ವಾಕ್ಯವಿತ್ತು. ಬೆರಳು ಸಡಿಲಿಸಿದ ಎಂದೂ ಆಗುತ್ತದೆ, ಅವಳನ್ನು ನಡುನೀರಲ್ಲಿ ಬಿಟ್ಟ ಎಂದೂ ಆಗುತ್ತದೆ. ಒತ್ತು ಕೊಟ್ಟರೆ ಎರಡನೆಯದು ಗೆಲ್ಲುತ್ತದೆ. ಆ ಕ್ಷಣದಲ್ಲಿ ತಂಗಿಗೆ ಗೊತ್ತಿದ್ದದ್ದು ಮೊದಲನೆಯದು ಮಾತ್ರ. ಏನೂ ಆಗದವಳಂತೆ ಓದಿದೆ. ಆರು ಸಲ ಓದಿದ ಮೇಲೆ ಹಾಗೆ ಬಂತು.

ಸುಳ್ಳು ಹೇಳುವ "ನಾನು"ಗಳ ವಿಚಾರ ಬೇರೆ. ಇವರನ್ನು ನಂಬಲರ್ಹರಲ್ಲದ ನಿರೂಪಕರೆಂದು 1961ರಲ್ಲಿ ಮೊದಲು ಹೆಸರಿಸಿದ್ದು ಅಮೆರಿಕದ ವಿಮರ್ಶಕ ವೇಯ್ನ್ ಬೂತ್. ಅಂಥವನೊಬ್ಬನ ಕಥೆ ನನ್ನ ಪಾಲಿಗೆ ಬಂತು. ತಮ್ಮನೆಂದರೆ ಜೀವ ಎಂದು ಪುಟಪುಟಕ್ಕೂ ಹೇಳುತ್ತಾನೆ. ಅಭ್ಯಾಸಬಲದಿಂದ ಹೋಲಿಕೆಗಳ ಕೆಳಗೆ ಗೆರೆ ಎಳೆಯುತ್ತಾ ಹೋದೆ. ತಮ್ಮನ ನಗು ಸೋರುವ ನಲ್ಲಿಯಂತೆ. ಮನೆಯಲ್ಲಿ ತಮ್ಮ ಓಡಾಡುವ ಸದ್ದು ಗೆದ್ದಲು ಮರ ತಿಂದಂತೆ. ತಮ್ಮನ ಕಾಗದ ಬಂದದ್ದು ಸಾಲದ ನೋಟಿಸು ಬಂದಂತೆ. ಪ್ರೀತಿಯೆಂಬ ಪದ ಅವನ ಬಾಯಲ್ಲಿ, ಸವೆಯುವುದು ಸೋರುವುದೆಲ್ಲ ಅವನ ಕಣ್ಣಲ್ಲಿ. ಓದುವಾಗ ಕುಹಕದ ಎಳೆ ಸೇರಿಸುವ ಆಸೆ ಬಹಳ ಇತ್ತು. ಸೇರಿಸಲಿಲ್ಲ. ಅವನು ತನ್ನನ್ನು ತಾನೇ ನಂಬುತ್ತಾನೆ, ಆದ್ದರಿಂದ ಓದುವವಳೂ ನಂಬಿಯೇ ಓದಬೇಕು. ಗೆದ್ದಲು ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆ.

ಆಸ್ಪತ್ರೆಯ ಕಥೆಯನ್ನು ಮತ್ತೆ ರೆಕಾರ್ಡ್ ಮಾಡಿದೆ. ಮಗುವಿನ ದನಿ ತೆಗೆಯಲಿಲ್ಲ, ಹಾಗೆ ಮಾಡಿದ್ದರೆ ಬಾಯಿ ತಪ್ಪುತ್ತಿತ್ತು. ಕಂಡದ್ದನ್ನು ಕಂಡ ಕ್ರಮದಲ್ಲಿ, ಮುಂದೇನು ಬರುತ್ತದೆಂದು ಗೊತ್ತಿಲ್ಲದವರ ಹಾಗೆ ಬಿಟ್ಟು ಬಿಟ್ಟು ಓದಿದೆ. ಕೊನೆಗೆ ಒಂದೇ ಒಂದು ಪದ ಉಳಿಯಿತು. ಕಥೆ ಮುಗಿಯುವುದು ಹೀಗೆ: "ಬೆಂಚಿನ ಮೇಲೆ ಅವನೊಬ್ಬನೇ. ಸರಿ." ಆ "ಸರಿ" ಯಾರದು? ಬೇರೆ ದಾರಿಯಿಲ್ಲದೆ ಒಪ್ಪಿಕೊಂಡ ಹುಡುಗನದೋ, ಕಥೆ ಕಟ್ಟಿಟ್ಟು ಏಳುತ್ತಿರುವ ನಿರೂಪಕರದೋ? ಪರೀಕ್ಷೆಗಳೆಲ್ಲ ಕೈಕೊಟ್ಟವು. ಎರಡು ಬಗೆಯಲ್ಲಿ ಓದಿ, ಎರಡನ್ನೂ ಆ ಕೇಳುಗರಿಗೇ ಕಳಿಸಿ, ಯಾವುದು ಸರಿಯೆಂದು ಕೇಳಿದೆ.

ಮರುದಿನ ಫೋನ್ ಬಂತು. "ಮೊದಲನೆಯದರಲ್ಲಿ ಕುರ್ಚಿ ಕಿರುಗುಟ್ಟಿದೆ, ಎರಡನೆಯದರಲ್ಲಿ ಹಿಂದೆ ಫ್ಯಾನಿನ ಸದ್ದಿದೆ. ಇನ್ನೊಂದು ಸಲ ಓದಿ ಕಳಿಸಿ ಮೇಡಂ."